ಒಲೆಯ ಗುಳಿಗೆ

ಗೋಡೆಗೆ ಒಂದು ಪೆಟ್ಟು ಬಿತ್ತು.

ಕತ್ತಲಲ್ಲಿ ಅವನು ಕಣ್ಣು ಬಿಟ್ಟು ಇನ್ನೊಂದು ಪೆಟ್ಟಿಗಾಗಿ ಕಾದ. ಪಕ್ಕದಲ್ಲಿ ಹೆಂಡತಿಯ ಉಸಿರು ಏರಿಳಿಯುತ್ತಿತ್ತು. ಅಥವಾ ಅವಳೂ ಎಚ್ಚರವಾಗಿ, ಅವನ ಹಾಗೆಯೇ ಕಾಯುತ್ತ, ನಿದ್ದೆಯ ಉಸಿರನ್ನು ಅನುಕರಿಸುತ್ತಿದ್ದಳೋ ಏನೋ. ಹಿಂದಿನ ಶೆಡ್ಡಿನಲ್ಲಿ ಸಂಜೆಯಿಡೀ ಕಾದ ಯಂತ್ರ ರಾತ್ರಿ ತಣ್ಣಗಾಗುವಾಗ ಒಮ್ಮೊಮ್ಮೆ ಹೀಗೆ ಠಣ್ಣೆನ್ನುವುದುಂಟು. ಅದೇ ಇರಬೇಕು. ಪಕ್ಕದ ಕೋಣೆಯ ಅಮ್ಮನಾಗಿದ್ದರೆ ಊರುಗೋಲಿನಿಂದ ಎರಡು ಸಲ ಬಡಿಯುತ್ತಿದ್ದಳು. ಒಂದು ತನ್ನನ್ನು ಎಬ್ಬಿಸುವುದಕ್ಕೆ, ಇನ್ನೊಂದು ಎಬ್ಬಿಸಿದ್ದಕ್ಕೆ ಕ್ಷಮೆ ಕೇಳುವುದಕ್ಕೆ ಎಂದು ಅವನು ಎಂದೋ ಅರ್ಥ ಮಾಡಿಕೊಂಡಿದ್ದ. ಇನ್ನೊಂದು ಬಿದ್ದರೆ ಏಳೋಣ. ಹೊದಿಕೆಯೊಳಗಿನ ಬಿಸಿಯನ್ನು ಬಿಡುವುದಕ್ಕೆ ಮನಸ್ಸಿರಲಿಲ್ಲ. ಗೋಡೆಯ ಆಚೆ ಏನೋ ಗೀಚಿದಂತೆ ಸದ್ದಾಯಿತು, ಕೋಲಿನ ತುದಿ ಸುಣ್ಣದ ಮೇಲೆ ಜಾರಿ ಇಳಿದಂತೆ; ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಅವನು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಅನಂತರ ಎದ್ದ, ಎದ್ದವನು ಓಡಿದ.

ಅಮ್ಮ ಮಂಚದ ಕೆಳಗೆ ಒರಗಿಕೊಂಡಂತೆ ಬಿದ್ದಿದ್ದಳು. ಬಾಯಿ ಕೊಂಚ ತೆರೆದಿತ್ತು. ಒಲೆಯ ಗಾಜಿನ ಬಾಗಿಲ ಹಿಂದೆ ಜ್ವಾಲೆ ಇರಬೇಕಾದಲ್ಲಿ ಕೊಳಕು ಕೆಂಪು ಮಾತ್ರ ಹೊಗೆಯಾಡುತ್ತಿತ್ತು. ಅವನಿಗೂ ತಲೆ ಗಿರ್ರೆಂದಿತು. ಹೆಂಡತಿ ಬಂದವಳೇ ಕಿಟಕಿಗೆ ಹೋದಳು. ಚಳಿ ನುಗ್ಗಬಾರದೆಂದು ಅವಳೇ ಸಂದುಗಳಿಗೆ ಅಂಟಿಸಿದ್ದ ಕಾಗದದ ಪಟ್ಟಿಗಳು ಪರಪರ ಹರಿದವು.

ಬೆಳಗಾಗುವ ಹೊತ್ತಿಗೆ ಆಸ್ಪತ್ರೆಯ ಡಾಕ್ಟರು, ಜೀವಕ್ಕೆ ಅಪಾಯ ಕಳೆದಿದೆ ಎಂದರು. ಅವರು ಹೆಣ್ಣುಮಗಳು, ಅವನಿಗಿಂತ ಚಿಕ್ಕವರು. ಕೆಂಡಕ್ಕೆ ಗಾಳಿ ಸಾಲದಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ಒಂದು ವಿಷ ಕೋಣೆಗೆ ಇಳಿಯುತ್ತದೆ, ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ ಎಂದು ತಿಳಿಸಿ, ಒಲೆಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಕಿಂಡಿ ಇದೆ, ನಾನೇ ಗೋಡೆ ಕೊರೆದು ಕೊಳವೆ ಕೂರಿಸಿದ್ದೇನೆ ಎಂದು ಅವನು ಹೇಳಿದ. ಹೇಳುವಾಗ ದನಿಯಲ್ಲಿ ಒಂದು ಚೂರು ಹೆಮ್ಮೆ ನುಸುಳಿತು. ಹಾಗಾದರೆ ಅದು ಮುಚ್ಚಿರಬೇಕು, ನೋಡಿ ಎಂದು ಡಾಕ್ಟರು ಬೇರೆ ಮಂಚದ ಕಡೆ ತಿರುಗಿದರು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

ಸಂಜೆಯವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲವೆಂದರು. ಹೆಂಡತಿ ಮನೆಗೆ ಹೊರಟಳು. ಅವನೂ ಹೋಗಿ ಕಿಂಡಿಯನ್ನು ನೋಡಬಹುದಾಗಿತ್ತು, ನೋಡಬೇಕಾಗಿತ್ತು. ಆದರೆ ಕಾಲು ಅವನನ್ನು ಪೀಠೋಪಕರಣದ ಕಾರ್ಖಾನೆಗೆ ಎಳೆದುಕೊಂಡು ಹೋಯಿತು. ಅಲ್ಲಿ ಅವನಿಗೆ ಪಾಲಿಶ್ ಮಾಡುವ ಕೆಲಸ. ಒಂದು ಮೇಜಿನ ಹಲಗೆ ಕಾದು ಕೂತಿತ್ತು. ಅದರ ಮೇಲೆ ಬಟ್ಟೆಯ ಉಂಡೆಯನ್ನು ಸುತ್ತುಸುತ್ತಾಗಿ ಒತ್ತುತ್ತ ಹೋದರೆ ಒಂದು ಹಂತದಲ್ಲಿ ಮರದೊಳಗೆ ತನ್ನ ಮುಖ ಮೂಡುತ್ತದೆ. ಈ ದಿನ ಮೂಡಿದ ಮುಖವನ್ನು ಅವನು ಬೇಗ ಬೇಗ ಒರೆಸಿದ. ಗರಗಸದ ಕಡೆಯಿಂದ ಮೇಸ್ತ್ರಿ ಬಂದ. ಮನೆಯಲ್ಲಿ ಮರದ ಹೊಟ್ಟಿನಿಂದ ಒಲೆಗೆ ಗುಳಿಗೆ ಒತ್ತುತ್ತಾನೆಂದು ತಿಳಿದಂದಿನಿಂದ ಮೇಸ್ತ್ರಿಗೆ ಅವನು ಡಾಕ್ಟರು.

"ಏನ್ ಡಾಕ್ಟ್ರೇ, ಇವತ್ತು ಮೂಟೆ ಬೇಡ್ವಾ? ನಿಮ್ಮ ಪೇಷಂಟ್ ಒಲೆ ಹೇಗಿದೆ?"

ಅವನು ನಕ್ಕ. ನಗುವುದು ಅಭ್ಯಾಸವಾಗಿತ್ತು. ಹೊಟ್ಟನ್ನು ಹೇಗಿದ್ದರೂ ಎಸೆಯುವುದೇ, ಆದರೂ ಮೂಟೆ ಕಟ್ಟುವಾಗಲೆಲ್ಲ ಅವನು ಮೇಸ್ತ್ರಿಯ ಎದುರು ಹಲ್ಲು ಕಿರಿಯಬೇಕು, ಗರಗಸದವರು ಮುಗಿಸುವ ತನಕ ಬಾಗಿಲ ಬಳಿ ನಿಲ್ಲಬೇಕು, ಯಾರದೋ ಎಂಜಲಿಗೆ ಕಾದವನ ಹಾಗೆ. ಹೋದ ವಾರ ಹೀಗೆ ಕಾದಾಗ ಮೇಸ್ತ್ರಿ ಕಾಲಿನಿಂದ ತಳ್ಳಿಕೊಟ್ಟ ಮೂಟೆಯಲ್ಲಿ ಹಳೆಯ ಬಾಗಿಲು ಉಜ್ಜಿದ ಪುಡಿ ಬೆರೆತಿತ್ತು. ಮೂಗಿಗೆ ಬಣ್ಣದ ಕಮಟು ಹತ್ತಿತ್ತು. ಬೇಡ ಎನ್ನಲು ನಾಲಿಗೆ ಬರಲಿಲ್ಲ; ಮನೆಗೆ ಒಯ್ದು, ಜರಡಿ ಹಿಡಿದು, ಒಳ್ಳೆಯ ಹೊಟ್ಟಿನೊಂದಿಗೆ ಬೆರೆಸಿಬಿಟ್ಟಿದ್ದ. ಈಗ ಆ ಕಮಟು ಮತ್ತೆ ಮೂಗಿಗೆ ಬಂತು. ಡಾಕ್ಟರಿಗೆ ಅದನ್ನು ಹೇಳಿರಲಿಲ್ಲ. ಕಿಂಡಿ ಮುಚ್ಚಿರದಿದ್ದರೆ? ವಿಷ ಗುಳಿಗೆಯೊಳಗೇ ಇದ್ದಿದ್ದರೆ? ಕಿಂಡಿ ಮುಚ್ಚಿರಲಿ ಎಂದು ತಾನು ಹಾರೈಸುತ್ತಿರುವುದು ಅವನ ಗಮನಕ್ಕೆ ಬಂದು, ಕೈಯಲ್ಲಿನ ಬಟ್ಟೆ ಹಲಗೆಯ ಮೇಲೆ ನಿಂತುಬಿಟ್ಟಿತು. ಅಷ್ಟು ಹೊತ್ತು ಒಂದೇ ಕಡೆ ನಿಂತರೆ ಪಾಲಿಶ್ ಕಲೆಯಾಗುತ್ತದೆ, ಆಯಿತು.

ಗುಳಿಗೆ ಒತ್ತುವ ಯಂತ್ರ ಅವನದಲ್ಲ, ಅಣ್ಣನದು. ಅಣ್ಣನಿಗೆ ಕೊಳ್ಳುವ ಚಪಲ, ಇಡಲು ಜಾಗವಿಲ್ಲ. ಅವನ ಮನೆ ಮೂರನೆಯ ಮಹಡಿಯಲ್ಲಿ, ಕಡಿದಾದ ಮೆಟ್ಟಿಲುಗಳ ಮೇಲೆ. ಯಾರೋ ಬಳಸಿ ಬಿಟ್ಟದ್ದನ್ನು ತಂದು ತಮ್ಮನ ಹಿತ್ತಲ ಶೆಡ್ಡಿನಲ್ಲಿ ಇಳಿಸಿ, ಈ ಚಳಿಗಾಲ ನಡೆಸಿ ನೋಡು, ಉಪಯೋಗವೋ ದಂಡವೋ ಹೇಳು, ದಂಡವಾದರೆ ನಾನೇ ಹೊತ್ತುಕೊಂಡು ಹೋಗುತ್ತೇನೆ ಎಂದಿದ್ದ. ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಹೊಟ್ಟು ಹಸಿಯಾದರೆ ಅಚ್ಚಿನ ತೂತುಗಳಿಂದ ಗಂಜಿಯಂತೆ ಸೋರುತ್ತದೆ, ಒಣಗಿದರೆ ಪುಡಿಯಾಗಿ ಉದುರುತ್ತದೆ. ಹಿಡಿಯಲ್ಲಿ ಒತ್ತಿ ಬಿಟ್ಟರೆ ಉಂಡೆ ಒಂದು ಗಳಿಗೆ ನಿಲ್ಲಬೇಕು, ಬೆರಳು ತಾಕಿದರೆ ಒಡೆಯಬೇಕು. ಆ ಹದ ಒಂದು ದಿನ ಸಿಕ್ಕರೆ ಮರುದಿನ ಮಂಜು ಬಂದು ಕೆಡಿಸುತ್ತದೆ. ಜರಡಿ ಹಿಡಿಯಲು ಒಬ್ಬರು, ತುಂಬಲು ಒಬ್ಬರು. ಒಳಗಿನ ಉರುಳೆಗಳು ಸವೆದು, ತುಂಬಿದ್ದರಲ್ಲಿ ಅರ್ಧ ಹಾಗೆಯೇ ಹೊರಗೆ ಬರುತ್ತದೆ. ಅಂಗಡಿಯಲ್ಲಿ ಇದೇ ಗುಳಿಗೆ ಚೀಲಗಟ್ಟಲೆ ಸಿಗುತ್ತದೆ; ಹೊತ್ತು ತಂದು ಸುರಿದರೆ ಆಯಿತು. ಹಾಗಿದ್ದೂ ಒತ್ತಿದ ಗುಳಿಗೆ ಬಿಸಿಬಿಸಿಯಾಗಿ, ಮೈ ಮಿರಿಮಿರಿ ಮಿಂಚುತ್ತ ತಟ್ಟೆಗೆ ಉದುರುವಾಗ ಅವನಿಗೆ ಆಗುತ್ತಿದ್ದದ್ದನ್ನು ಯಾವ ತಕ್ಕಡಿಗೆ ಹಾಕುವುದು? ಮೊದಲ ದಿನ ಅಮ್ಮ ಗಾಜಿನ ಲೋಟದಲ್ಲಿ ನೀರು ತರಿಸಿ ಒಂದು ಗುಳಿಗೆಯನ್ನು ಬಿಟ್ಟಳು. ಗಟ್ಟಿಯಾದದ್ದು ಮುಳುಗುತ್ತದೆ, ಪೊಳ್ಳಾದದ್ದು ತೇಲುತ್ತದೆಂದು ಅವನೇ ಹೇಳಿಕೊಟ್ಟಿದ್ದ. ಅದು ತಳಕ್ಕಿಳಿದು ಸುಮ್ಮನೆ ಕೂತಿತು. "ಮುಳುಗ್ತು ಕಣೋ ಮರಿ," ಎಂದು ಅಮ್ಮ ಹುಡುಗಿಯಂತೆ ನಕ್ಕಳು. "ಇನ್ಮೇಲೆ ನನಗೂ ಗುಳಿಗೆ, ಒಲೆಗೂ ಗುಳಿಗೆ. ಇಬ್ಬರಿಗೂ ಹೊತ್ತುಹೊತ್ತಿಗೆ ನೀನೇ ಹಾಕ್ಬೇಕು."

ಮಧ್ಯಾಹ್ನದ ಸೈರನ್ನಿಗೆ ಅವನು ಯಾರಿಗೂ ಹೇಳದೆ ಹೊರಬಿದ್ದ. ಮನೆಯ ಮುಂಬಾಗಿಲನ್ನು ಬಿಟ್ಟು, ಕಳ್ಳನ ಹಾಗೆ ಪಕ್ಕದ ಓಣಿಯಿಂದ ಶೆಡ್ಡಿಗೆ ನಡೆದ. ಗೋಡೆಯಾಚೆಯ ಮನೆಯವರು ಇಣುಕಿದರು. ಸದ್ದಿನ ವಿಷಯಕ್ಕೆ ದಿನ ಬಿಟ್ಟು ದಿನ ಜಗಳ ತೆಗೆಯುವ ಅವರಿಗೆ ಹೆಂಡತಿ ಇಟ್ಟ ಹೆಸರು ನಿಶ್ಶಬ್ದಪ್ಪ. ಗಿರಣಿ ನಿಲ್ಲಿಸದಿದ್ದರೆ ತಾನೇ ನಿಲ್ಲಿಸುವುದಾಗಿ ಅವರು ಕೂಗಾಡಿದ್ದು ಅವನಿಗೆ ಈಗ ನೆನಪಾಯಿತು, ಮತ್ತು ಆ ನೆನಪು ಒಂದು ಬಗೆಯ ಸಮಾಧಾನ ತಂದಿತು. ಇವರೇ ಆಗಿದ್ದರೆ ಎಷ್ಟು ಒಳ್ಳೆಯದು. ನಿಶ್ಶಬ್ದಪ್ಪ ಇವತ್ತು ಕೂಗಲಿಲ್ಲ. ತಾಯಿ ಹೇಗಿದ್ದಾರೆ ಎಂದು ಮೆಲ್ಲಗೆ ಕೇಳಿದರು. ಅವನು ಶೆಡ್ಡಿನೊಳಗೆ ಹೋಗಿ, ಅಮ್ಮನ ಕೋಣೆಗೆ ಅಂಟಿದ ಗೋಡೆಯ ಕಿಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಇಲಿ ನುಗ್ಗದಂತೆ ಅವನು ಬಡಿದ ತಂತಿಬಲೆ ಹಾಗೆಯೇ ಇತ್ತು; ಮೊಳೆಗಳ ತಲೆಯ ಮೇಲೆ ಹೊಟ್ಟಿನ ಧೂಳು ಪದರಗಟ್ಟಿತ್ತು, ಒಂದು ಮೂಲೆಯಲ್ಲಿ ಜೇಡ ಬಲೆ ಕಟ್ಟಿ ಹಳೆಯದಾಗಿತ್ತು. ಈ ಕಡೆಯಿಂದ ಯಾರೂ ಕೈ ಹಾಕಿರಲಿಲ್ಲ. ಟಾರ್ಚು ಬಿಟ್ಟು ನೋಡಿದ. ಕೊಳವೆಯ ಆಚೆ ತುದಿಯಲ್ಲಿ ಅಮ್ಮನ ಕೋಣೆಯ ಬೆಳಕು ಕಾಣಬೇಕಾಗಿತ್ತು. ಬೂದು ಬಣ್ಣದ ಒಂದು ಮೆತ್ತನೆಯ ಕತ್ತಲೆ ಕಂಡಿತು.

ಹೊರಗಿನವರಲ್ಲ. ಅಣ್ಣ ಮನೆಯೊಳಗೆ ಕಾಲಿಟ್ಟು ತಿಂಗಳು ಕಳೆದಿತ್ತು. ಈ ಒಲೆ ಹೋದ ವಾರದ ತನಕ ಧಗಧಗ ಉರಿದಿತ್ತು. ಅಮ್ಮನ ಕೋಣೆಗೆ ಹೋಗುವವರು ಮನೆಯಲ್ಲಿ ಇಬ್ಬರೇ. ಅವನು ಒಳಗೆ ಬಂದ. ಖಾಲಿ ಮಂಚ, ಅದರ ಮೇಲೆ ಕೊರೆಯುವ ಗಾಳಿ, ಮೂಲೆಯಲ್ಲಿ ಆರಿದ ಒಲೆ. ಕೊಳವೆಯ ಬಾಯಿ ಒಲೆಯ ಹಿಂದೆ, ನೆಲದ ಮಟ್ಟದಲ್ಲಿ. ಮಂಡಿ ಮಡಚಲಾರದ ಅಮ್ಮ ನೆಲಕ್ಕೆ ಬಿದ್ದ ಕನ್ನಡಕವನ್ನೂ ಎತ್ತಿಕೊಳ್ಳಲು ಕೋಲು ಬಡಿಯುತ್ತಾಳೆ. ಅವನು ಹೊಟ್ಟೆಯ ಮೇಲೆ ಮಲಗಿ ಎರಡು ಬೆರಳು ತೂರಿಸಿ ಎಳೆದ. ಬಂದದ್ದು ಒಂದು ಒರೆಸುಬಟ್ಟೆ. ಅವನದೇ ಹಳೆಯ ಅಂಗಿಯ ಬೆನ್ನು. ನಾಲ್ಕು ಅಂಚಿಗೂ ಹೊಲಿಗೆ. ಕಣ್ಣು ಮಬ್ಬಾಗುವವರೆಗೂ ಹೊಲಿಗೆಯಲ್ಲೇ ಬದುಕಿದ ಅಮ್ಮ, ಅಂಚು ಮಡಚದ ಬಟ್ಟೆಯನ್ನು ಕಣ್ಣಿಂದ ನೋಡಲಾರಳು. ಈ ಮನೆಯಲ್ಲಿ ನೆಲ ಒರೆಸುವ ಚಿಂದಿಯೂ ಅಂಚು ಹೊಲಿಸಿಕೊಂಡೇ ಕೆಲಸಕ್ಕೆ ಇಳಿಯಬೇಕು. ಆದ್ದರಿಂದ ಅದು ಯಾರನ್ನೂ ತೋರಿಸಿಕೊಡುತ್ತಿರಲಿಲ್ಲ. ಬಟ್ಟೆಯನ್ನು ಯಾರೋ ನೀಟಾಗಿ ಮಡಚಿ, ಮಡಿಕೆಯ ಮೇಲೆ ಉಗುರೆಳೆದು, ಆಮೇಲೆ ಸುರುಳಿ ಸುತ್ತಿದ್ದರು. ಅವಸರವಿರಲಿಲ್ಲ. ಕೋಪವೂ ಇದ್ದಂತೆ ಕಾಣಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಅವಳಿಗೆ ಯಂತ್ರ ಕಂಡರಾಗದು. ರಾತ್ರಿ ಅದನ್ನು ನಿಲ್ಲಿಸಿ ಇಬ್ಬರೂ ಶೆಡ್ಡಿನ ನೆಲ ಗುಡಿಸುವಾಗ ದಿನವೂ ಒಂದೇ ಮಾತುಕತೆ, ಹಲ್ಲುಜ್ಜಿದಷ್ಟು ಅಭ್ಯಾಸವಾಗಿಬಿಟ್ಟಿತ್ತು. ಮೊನ್ನೆಯೂ ಅವಳು ಕೆಮ್ಮುತ್ತ, ಸೊಂಟಕ್ಕೆ ಕೈಕೊಟ್ಟು ನಿಂತು ಆರಂಭಿಸಿದ್ದಳು.

"ಎಷ್ಟು ಹಾಕಿದ್ರೂ ಅರ್ಧ ಹೊರಗೇ ಉಗುಳುತ್ತೆ. ಹತ್ತಿರ ಒಬ್ಬರು ಕೂತೇ ಇರ್ಬೇಕು. ಇಡೀ ಮನೆ ಅದರ ಗುಳಿಗೆ ಸುತ್ತಾನೇ ತಿರುಗ್ತಿದೆ."

"ಹಳೇದು ಕಣೇ. ಒಳಗೆಲ್ಲ ಸವೆದಿದೆ."

"ಸವೆದದ್ದನ್ನ ಇಟ್ಕೊಂಡು ನಮಗೇನು ಲಾಭ ಹೇಳಿ. ರಾತ್ರಿಯೆಲ್ಲ ಅದರ ನರಳಾಟ ಬೇರೆ."

"ಈ ಚಳಿಗಾಲ ಒಂದು ದಾಟಲಿ. ಆಮೇಲೆ ಅಣ್ಣನ ಮನೆಗೆ ಸಾಗಿಸಿಬಿಡೋಣ. ಅದನ್ನ ಮೆಟ್ಟಿಲು ಹತ್ತಿಸೋದು ಹೇಗೆ ಅಂತಲೇ ಅವನ ಯೋಚನೆ."

"ಅಷ್ಟರೊಳಗೆ ತಾನಾಗೇ ನಿಂತುಹೋದ್ರೆ ಎಲ್ಲರಿಗೂ ಸುಖ."

ಅವನೂ ನಕ್ಕಿದ್ದ. ಈಗ, ಕೈಯಲ್ಲಿ ಬಟ್ಟೆ ಹಿಡಿದು ನೆಲದ ಮೇಲೆ ಕೂತವನಿಗೆ ಆ ಕೊನೆಯ ಮಾತು ಬೇರೆ ದನಿಯಲ್ಲಿ ಕೇಳಿಸಿತು. ಯಂತ್ರ ತಾನಾಗಿ ನಿಲ್ಲುವುದಿಲ್ಲ. ಒಲೆ ಕೆಟ್ಟರೆ, ಗುಳಿಗೆ ಉರಿಯದೆ ಹೊಗೆಯಾದರೆ, ಇದು ಮನೆಗೆ ಒಗ್ಗುವುದಲ್ಲ ಎಂದು ಗಂಡನೇ ಸೋತು ಹೇಳುತ್ತಾನೆ. ಅಷ್ಟು ಮಾತ್ರ ಬಯಸಿದ್ದಿರಬೇಕು. ಕೆಡುಕು ಮಾಡುವ ಹೆಣ್ಣಲ್ಲ ಅವಳು. ಅಮ್ಮನ ತಲೆ ಬಾಚುವವಳು, ಉಗುರು ಕತ್ತರಿಸುವವಳು. ಆದರೆ ಕಿಟಕಿಯ ಸಂದುಗಳಿಗೆ ಕಾಗದ ಅಂಟಿಸಿದ ಕೈಯೂ ಅವಳದೇ ಅಲ್ಲವೇ? ನಿನ್ನೆ ರಾತ್ರಿ ಅವಳ ಉಸಿರು ನಿದ್ದೆಯದಾಗಿತ್ತೇ? ನೇರವಾಗಿ ಕೇಳುವುದಕ್ಕೆ ಅವನಿಗೆ ಧೈರ್ಯ ಸಾಲದೆ, ಈ ಬಟ್ಟೆಯನ್ನು ಕೊನೆಯ ಸಲ ಎಲ್ಲಿ ನೋಡಿದೆ ಎಂದಷ್ಟೇ ಕೇಳಿದ.

ಅವಳು ಬಟ್ಟೆಯನ್ನು ನೋಡಲಿಲ್ಲ. "ನಾನು ನಿಮ್ಮನ್ನ ಕೇಳಬೇಕು ಅಂತಿದ್ದೆ," ಎಂದಳು. "ಆ ಕೊಳವೆಯಿಂದ ಚಳಿಗಾಳಿ ನುಗ್ಗಿ ಅತ್ತೆಗೆ ಕೆಮ್ಮಾಗ್ತಿದೆ, ಏನಾದ್ರೂ ಮಾಡ್ಬೇಕು ಅಂತ ಹೋದ ವಾರ ಗೊಣಗಿದ್ದು ಯಾರು? ಕೊರೆದೋರು ನೀವು. ಅದರ ಬಾಯಿ ಎಲ್ಲಿದೆ ಅನ್ನೋದೇ ನನಗೆ ಸರಿಯಾಗಿ ಗೊತ್ತಿಲ್ಲ."

"ಅಂದ್ರೆ ನಾನು...?"

"ನಾನೇನೂ ಅನ್ನಲಿಲ್ಲ. ನೀವು ಅಲ್ಲಿಂದ ನನ್ನನ್ನ ಹಾಗೆ ನೋಡ್ಬೇಡಿ. ನನಗೆ ಭಯವಾಗುತ್ತೆ."

ಗೊಣಗಿದ್ದು ನಿಜ. ಅದು ಅವನಿಗೆ ಮರೆತೇಹೋಗಿತ್ತು. ಇನ್ನೇನು ಮರೆತಿದೆ? ನಿದ್ದೆಗಣ್ಣಿನಲ್ಲಿ ಒಲೆಗೆ ಗುಳಿಗೆ ಸುರಿದು ಬರುವ ರಾತ್ರಿಗಳುಂಟು, ಬೆಳಿಗ್ಗೆ ಸುರಿದೆನೋ ಇಲ್ಲವೋ ಎಂದು ಹೋಗಿ ನೋಡಬೇಕಾಗುತ್ತದೆ. ಅಂಥದೇ ಒಂದು ರಾತ್ರಿ ಈ ಕೈ ಬಟ್ಟೆ ಮಡಚಿದ್ದರೆ? ಅವನು ತನ್ನ ಕೈಯನ್ನು ನೋಡಿಕೊಂಡ. ಪಾಲಿಶ್ ಕುಡಿದು ಕಪ್ಪಾದ ಉಗುರುಗಳು, ಏನನ್ನೂ ಹೇಳದ ಬೆರಳುಗಳು. ಪೆಟ್ಟು ಕೇಳಿಯೂ ಮಲಗಿದ್ದವನು ಇವನೇ. ಹೊದಿಕೆಯ ಬಿಸಿಗೂ ಅಮ್ಮನಿಗೂ ನಡುವೆ ತೂಗಿ ನೋಡಿದವನು, ಬಣ್ಣದ ಪುಡಿ ಬೆರೆಸಿದವನು. ಇಂಥವನು ಏನು ತಾನೇ ಮಾಡಲಾರ? ಹೆಂಡತಿ ಬಾಗಿಲಿನಿಂದ ಹಿಂದೆ ಸರಿದಳು. ಅಡುಗೆಮನೆಯಲ್ಲಿ ನಲ್ಲಿ ತಿರುಗಿದ ಸದ್ದು ಬಂತು, ನೀರು ಬಹಳ ಹೊತ್ತು ಸುಮ್ಮನೆ ಹರಿಯಿತು. ಒಂದೇ ಸೂರಿನಡಿ ಇಬ್ಬರೂ ಒಬ್ಬರ ಹೆಜ್ಜೆಯನ್ನು ಒಬ್ಬರು ಆಲಿಸುತ್ತ ಸಂಜೆಯವರೆಗೆ ಉಳಿದರು. ಅವಳು ಊಟಕ್ಕೆ ಕರೆಯಲಿಲ್ಲ, ಅವನು ಕೇಳಲಿಲ್ಲ. ಅಷ್ಟರಲ್ಲಿ ಅವನು ಒಂದನ್ನು ಮಾತ್ರ ತೀರ್ಮಾನಿಸಿದ್ದ: ಅಣ್ಣನಿಗೆ ಫೋನ್ ಮಾಡಿ, ದಂಡ, ನಾಳೆಯೇ ಒಯ್ಯಿ ಎಂದ. ಅಣ್ಣ ತಾಯಿಯ ಸುದ್ದಿ ಕೇಳಿ ಗಾಬರಿಯಾಗಿದ್ದ; ಯಂತ್ರದ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ.

ಆಸ್ಪತ್ರೆಗೆ ಇಬ್ಬರೂ ಒಟ್ಟಿಗೇ ನಡೆದರು, ನಡುವೆ ಇನ್ನೊಬ್ಬರು ನಡೆಯಬಹುದಾದಷ್ಟು ಜಾಗ ಬಿಟ್ಟು. ಬಟ್ಟೆ ಅವನ ಜೇಬಿನಲ್ಲಿತ್ತು. ಅಮ್ಮ ಎರಡು ದಿಂಬಿಗೆ ಒರಗಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು, ಕಣ್ಣು ಮಾತ್ರ ಹಿಂದಿನಂತೆ. ಹೊದಿಸಿದ ಆಸ್ಪತ್ರೆಯ ಚಾದರದ ಅಂಚು ಬಿಚ್ಚಿಹೋದದ್ದನ್ನು ಬೆರಳಲ್ಲಿ ಒಳಕ್ಕೆ ಮಡಚುತ್ತ, ಮಡಚಿದ್ದರ ಮೇಲೆ ಉಗುರೆಳೆಯುತ್ತ ಇದ್ದಳು. ಹೆಂಡತಿ ತಲೆದಿಂಬು ಸರಿಪಡಿಸಿದಳು. ಅವನು ಹತ್ತಿರ ಕೂತು, ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತನ್ನು ಹೇಳಿದ. ಅಮ್ಮನಿಗೆ ನೆಮ್ಮದಿಯಾಗಲಿ ಎಂದೇ ಹೇಳಿದ.

"ಇನ್ನು ಆ ಕಾಟ ಇಲ್ಲಮ್ಮ. ಅಣ್ಣನಿಗೆ ಫೋನ್ ಮಾಡಿದ್ದೀನಿ. ನಾಳೆನೇ ಬಂದು ಕರ್ಕೊಂಡು ಹೋಗ್ತಾನೆ."

ಕರ್ಕೊಂಡು ಎಂದಿದ್ದ. ತಗೊಂಡು ಎನ್ನಬೇಕಾಗಿತ್ತು. ಎಲ್ಲಿಂದ ಜಾರಿತೋ ಆ ಮಾತು ಎಂದು ಅವನು ತಿದ್ದಿಕೊಳ್ಳುವಷ್ಟರಲ್ಲಿ ಅಮ್ಮನ ಬೆರಳು ಅಂಚಿನ ಮೇಲೆ ನಿಂತಿತು.

"ನಾಳೆನೇನಾ," ಎಂದಳು ಅಮ್ಮ. "ಚಳಿಗಾಲ ದಾಟಲಿ ಅಂದಿದ್ದೆಯಲ್ಲ." ಆಮೇಲೆ, ಅವನ ಮುಖದಲ್ಲಿ ಏನನ್ನು ಕಂಡಳೋ, ಸಮಾಧಾನಪಡಿಸುವ ದನಿಯಲ್ಲಿ ಮುಂದುವರಿಸಿದಳು. "ಅವನಿಗೆ ಹೇಳು, ಮೆಟ್ಟಿಲಿನ ಯೋಚನೆ ಬೇಡ. ನಾನು ಕೂತು ಕೂತು ಹತ್ತುತ್ತೀನಿ. ರೂಢಿ ಮಾಡ್ಕೊಂಡಿದ್ದೀನಿ, ನೀವು ಶೆಡ್ಡಿನಲ್ಲಿ ಇರೋವಾಗ. ಮಂಚದಿಂದ ಜಾರಿ, ಒಲೆ ಹಿಂದಿನ ತನಕ ಕೂತುಕೊಂಡೇ ಹೋಗಿ ಬರ್ತೀನಿ."

ಹೆಂಡತಿಯ ಕೈ ದಿಂಬಿನ ಮೇಲೆಯೇ ಉಳಿಯಿತು. ಕೊಳವೆ ಶೆಡ್ಡಿನಿಂದ ಗಾಳಿಯನ್ನಷ್ಟೇ ತರುತ್ತದೆಂದು ಅವರಿಬ್ಬರೂ ನಂಬಿದ್ದರು. ಆ ಎಲ್ಲ ರಾತ್ರಿಗಳ ಎಲ್ಲ ಮಾತುಗಳಲ್ಲಿ ಅವರು ಒಂದೇ ಒಂದು ಸಲವೂ 'ಯಂತ್ರ' ಎಂದಿರಲಿಲ್ಲ. ಅವನು ಬಾಯಿ ತೆರೆದ. ಇಲ್ಲಮ್ಮ, ಅದು ಬೇರೆ, ನಾವು ಹೇಳಿದ್ದು ಬೇರೆ. ಅಷ್ಟನ್ನು ಹೇಳುವ ಮೊದಲೇ ಅಮ್ಮ ಅವನ ಕೈಯನ್ನು ತನ್ನೆರಡು ಕೈಗಳ ನಡುವೆ ತೆಗೆದುಕೊಂಡಳು.

"ಸೊಸೆ 'ಅದು' ಅಂದದ್ದಕ್ಕೆ ನನಗೇನೂ ಬೇಜಾರಿಲ್ಲ. ನನ್ನ ಕೆಲಸ ಮಾಡಿ ಮಾಡಿ ಅವಳ ಸೊಂಟ ಬಿದ್ದುಹೋಗಿದೆ. ನೀನೂ ಅಂದೆಯಲ್ಲ ಮರಿ, ಅದಕ್ಕೆ. ಕೇಳಿಸ್ಕೋಬಾರದು ಅಂತ ಕಿವಿಗೆ ಹತ್ತಿ ಇಟ್ಕೊಂಡೆ, ಸಾಲಲಿಲ್ಲ."

ಕಿಂಡಿಗೆ ಬಟ್ಟೆ ತುರುಕಿದವಳು ಅಮ್ಮ.